ಅಕ್ಕನ ದನಿಗೆ ಇಟಲಿಯಲ್ಲಿ ಸಿಕ್ಕ ಹೆಸರು

ಆ ರವಿವಾರ ಮಧ್ಯಾಹ್ನ ಥಿಯೇಟರಿನಲ್ಲಿ ಏನು ನಡೆಯಿತು ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. ನಾನು ಅಲ್ಲಿಯೇ ಇದ್ದೆ, ಎಚ್ಚರವಾಗಿದ್ದೆ, ಅಕ್ಕನ ಬೆನ್ನ ಹಿಂದೆಯೇ ಕುಳಿತಿದ್ದೆ. ಆದರೂ ಗೊತ್ತಿಲ್ಲ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಬಾಗಲಕೋಟೆಯ ಕಾಲೇಜೊಂದರಲ್ಲಿ ಅದನ್ನೇ ಕಲಿಸಿ ನಿವೃತ್ತನಾದವನು ನಾನು. ಬೇರೆಯವರು ಹೇಳಿದ್ದನ್ನು ಸಂಶಯದಿಂದ ನೋಡುವುದು ಮೊದಲಿನಿಂದಲೂ ರೂಢಿ. ಈಗ ನನ್ನ ನೆನಪನ್ನೂ ಹಾಗೆಯೇ ನೋಡಬೇಕಾಗಿದೆ. ಈಚೆಗೆ ಗುಡೂರಿನ ಒಂದು ಮದುವೆಯಲ್ಲಿ ಇಟಲಿಯ ಸುದ್ದಿ ಹೇಳುತ್ತಾ, ನಾವು ಇಳಿದ ದಿನ ಹಿಮ ಬೀಳುತ್ತಿತ್ತು ಎಂದೆ. ಮನೆಗೆ ಬಂದು ಫೋನಿನಲ್ಲಿದ್ದ ಫೋಟೊ ತೆಗೆದು ನೋಡಿದರೆ ಎಲ್ಲದರಲ್ಲೂ ಬಿಸಿಲು. ಅಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದಾಳೆ.

ಸಂಶಯಕ್ಕೆ ಎಡೆಯಿಲ್ಲದ ಸಂಗತಿಗಳೂ ಇವೆ. ನನ್ನ ಅಕ್ಕ ನೀಲವ್ವ ನಾಟಕ ಕಂಪನಿಯಲ್ಲಿ ಹಾಡಿ ಬದುಕಿದವಳು. ಅವಳ ಗಂಟಲಲ್ಲಿ ಗಡ್ಡೆಯಾಯಿತು. ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು, ಕರಗಿತು. ಕೆಲವು ತಿಂಗಳ ಮೇಲೆ ಮತ್ತೆ ಕಾಣಿಸಿತು. ಈ ಸಲ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ ಉಸಿರಾಡಬೇಕು ಎಂದರು ಹುಬ್ಬಳ್ಳಿಯ ಡಾಕ್ಟರು. ತೆಗೆದರೆ ಬದುಕಬಹುದು ಎಂದರೇ ಹೊರತು ಬದುಕುತ್ತಾರೆ ಎನ್ನಲಿಲ್ಲ. ಅಕ್ಕ ಒಲ್ಲೆ ಎಂದಳು. ಇಟಲಿಯ ಗೆಳತಿಯೊಬ್ಬಳು ಕರೆದಿದ್ದಳು, ವೀಸಾ, ಟಿಕೆಟ್ಟು ಎಲ್ಲ ಅದಕ್ಕೆ ಮೊದಲೇ ಆಗಿತ್ತು. ಹೋಗಬೇಡಿ ಎಂದು ಡಾಕ್ಟರು ಹೇಳಲಿಲ್ಲ, ಬೇಗ ಬನ್ನಿ ಎಂದರು. ಅವಳು ಹೂಂ ಅನ್ನುತ್ತಾಳೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಹೊತ್ತು ನಾನು ಇಟಲಿ ನೋಡಿದೆ. ಆದ್ದರಿಂದ ಅಲ್ಲಿಯ ಗೋಪುರಗಳ ಬಗ್ಗೆ ನನ್ನನ್ನು ಕೇಳಬೇಡಿ.

ಬಾಗಲಕೋಟೆಯಿಂದ ರೈಲು

ಮುಂಬೈ ರೈಲಿನಲ್ಲಿ ನಮ್ಮೆದುರು ಶಿರೂರಿನ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಮಗಳ ಬಾಣಂತನಕ್ಕೆ ಸೊಲ್ಲಾಪುರಕ್ಕೆ ಹೊರಟವಳು.

"ಎಲ್ಲಿತನಾ ಹೊಂಟೀರಿ?" ಎಂದಳು ಅಕ್ಕನಿಗೆ.

"ಇಟಲಿಗೆ."

"ಅದು ಸೊಲ್ಲಾಪುರದ ಆಚಿಗೇನ್ರಿ?"

"ಹೂಂನವ್ವಾ, ಸ್ವಲ್ಪ ಆಚಿಗೆ."

ಅಕ್ಕನ ದನಿ ಆಗಲೇ ಉಸುಕಿನ ಮೇಲೆ ಚಕ್ಕಡಿ ಎಳೆದ ಹಾಗೆ ಇತ್ತು. ಆ ಹೆಣ್ಣುಮಗಳಿಗೆ ಮರುಕ ಬಂತು. "ದನಿ ಕುಂತೈತಲ್ರಿ. ಮೆಣಸು ಬೆಲ್ಲ ಬಾಯಾಗ ಇಟ್ಕೋರಿ, ಎರಡ ದಿನದಾಗ ಬಿಡ್ತೈತಿ."

"ಇಟ್ಕೋತೇನಿ ತಗೋ," ಎಂದಳು ಅಕ್ಕ, ಅದೊಂದನ್ನು ಯಾರೂ ಈವರೆಗೆ ಹೇಳಿರಲಿಲ್ಲ ಎಂಬ ಹಾಗೆ.

ರಾತ್ರಿ ಹಾಸಿಗೆ ಹಾಸುವ ಮೊದಲು ನನ್ನ ಕಡೆ ಬಾಗಿ, "ಲೇ, ಅಲ್ಲಿ ಮಂದಿ ಮುಂದ ಆಪರೇಶನ್ ಸುದ್ದಿ ತಗೀಬ್ಯಾಡ," ಎಂದಳು.

"ತಗಿಯೂದಿಲ್ಲ."

"ಖರೆ?"

"ಖರೆ."

"ನಿನ್ನ ಖರೆ ನನಗ ಗೊತ್ತಿಲ್ಲೇನು? ಪಾವ್ಲಾಗ ಆಗಲೇ ಹೇಳಿರ್ತಿ."

ಹೇಳಿದ್ದೆ. ಪಾವ್ಲಾಳ ಮಾತನ್ನಾದರೂ ಕೇಳಲಿ ಎಂಬುದು ನನ್ನ ಆಸೆ. ಈ ಪಾವ್ಲಾ ಇಟಲಿಯ ಒಂದು ಸಣ್ಣ ಊರಿನ ಬಟ್ಟೆಗಳ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುವಾಕೆ. ಇಳಕಲ್ಲ ಸೀರೆಯ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಸೇರಿಸುವ ರೀತಿಯನ್ನು ನೋಡಲು ಬಂದು, ಒಂದು ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲೇ ಉಳಿದಿದ್ದಳು. ನಾನು ನಿವೃತ್ತನಾಗಿ ಇಳಕಲ್ಲಕ್ಕೆ ಬಂದು ಅಕ್ಕನ ಜೊತೆ ಇರಲು ತೊಡಗಿದ್ದ ಹೊಸತು ಅದು. ನನಗೆ ಮದುವೆ ಇಲ್ಲ, ಅಕ್ಕನ ಮದುವೆ ಬಹಳ ದಿನ ನಿಲ್ಲಲಿಲ್ಲ. ಕೆಳಗಿನ ಅಂಕಣದಲ್ಲಿ ಕಾಕಾನ ಮಕ್ಕಳ ಪವರ್‌ಲೂಮು, ಮೇಲೆ ನಾವಿಬ್ಬರು, ಮತ್ತು ಅಡಿಗೆಮನೆಯಲ್ಲಿ ಅಕ್ಕನಿಂದ ಕನ್ನಡ ಕಲಿಯುತ್ತಾ ರೊಟ್ಟಿ ಸುಡುತ್ತಿದ್ದ ಪಾವ್ಲಾ. ಆ ಮನೆ ಅಷ್ಟು ಗದ್ದಲವಾಗಿ ಅದಕ್ಕೂ ಮೊದಲು ಇರಲಿಲ್ಲ, ಆಮೇಲೆಯೂ ಇರಲಿಲ್ಲ.

ಮಿಲಾನ್: ರೊಟ್ಟಿಯ ತಪಾಸಣೆ

ಅಕ್ಕ ಒಂದು ಚೀಲದ ತುಂಬ ಸಜ್ಜಿಯ ಕಟಕ ರೊಟ್ಟಿ ತಂದಿದ್ದಳು. ವಿಮಾನ ನಿಲ್ದಾಣದ ಅಧಿಕಾರಿ ಅದರಲ್ಲಿ ಒಂದನ್ನು ತೆಗೆದು ಬೆಳಕಿಗೆ ಹಿಡಿದ. ಬೆರಳಿನಿಂದ ಬಡಿದ. ಟಣ್ ಎಂದಿತು. ಇನ್ನೊಬ್ಬನನ್ನು ಕರೆದ, ಅವನೂ ಬಡಿದ. ಮಣ್ಣಿನ ತಟ್ಟೆಗಳೋ, ಪ್ರಾಚೀನ ವಸ್ತುಗಳೋ ಎಂಬ ಚರ್ಚೆ ನಡೆಯಿತು. ನಾನು ಇಂಗ್ಲಿಷಿನಲ್ಲಿ ಧಾನ್ಯ, ಹಿಟ್ಟು, ನೀರು ಎಂದು ಪಾಠ ಮಾಡುತ್ತಿದ್ದೆ. ಅಕ್ಕ ನನ್ನನ್ನು ಸರಿಸಿ, ಅವನ ಕೈಯಲ್ಲಿದ್ದ ರೊಟ್ಟಿಯ ಅಂಚು ಮುರಿದು, ತಾನೊಂದು ಚೂರು ತಿಂದು, ಅವನ ಮುಂದೆ ಒಂದು ಚೂರು ಹಿಡಿದಳು. ಅವನು ತಿಂದ. ಬಹಳ ಹೊತ್ತು ಅಗಿದ. ಕೊನೆಗೆ ಚೀಲದ ಬಾಯಿ ತಾನೇ ಕಟ್ಟಿಕೊಟ್ಟ.

"ಶೇಂಗಾ ಚಟ್ನಿ ಇಲ್ಲದ ತಿಂದಾನ, ಪಾಪ," ಎಂದಳು ಅಕ್ಕ.

ಹೊರಗೆ ಪಾವ್ಲಾ ನಿಂತಿದ್ದಳು. "ಬರ್ರಿ ಬರ್ರಿ ಅಕ್ಕಾರ! ಹೆಂಗದೀರಿ? ಭಾಳ ಸೊರಗೀರಿ!" ಅಕ್ಕಪಕ್ಕದ ಜನ ತಿರುಗಿ ನೋಡಿದರು. ಅವಳ ಬಾಯಲ್ಲಿ ಪ್ರತಿ ಅಕ್ಷರವೂ ಎರಡು ಸಲ ಒತ್ತಿ ಬರುತ್ತದೆ, ಆದರೆ ಮಾತು ಮಾತ್ರ ಅಪ್ಪಟ ನಮ್ಮ ಓಣಿಯದು. ದಾರಿಯಲ್ಲಿ ಅಡ್ಡ ಬಂದ ಕಾರಿನವನನ್ನು "ಲೇ ಹುಚ್ಚಪ್ಪಾ!" ಎಂದು ಕನ್ನಡದಲ್ಲೇ ಬೈದಳು. ಇಟಾಲಿಯನ್ನಿನಲ್ಲಿ ಬೈದರೆ ಅವನಿಗೆ ತಿಳಿದು ಜಗಳಕ್ಕೆ ನಿಲ್ಲುತ್ತಾನೆ, ಇದು ಸುರಕ್ಷಿತ ಎಂದು ವಿವರಿಸಿದಳು. ಅಕ್ಕ ನಕ್ಕಳು. ನಕ್ಕರೆ ಕೆಮ್ಮು ಬರುತ್ತಿತ್ತು.

ಪೊ ನದಿಯ ಬಯಲು

ಅವಳ ಊರು ಪಾರ್ಮಾ ಪಟ್ಟಣಕ್ಕೆ ಹತ್ತಿರ, ಪೊ ನದಿಯ ಬಯಲಿನಲ್ಲಿದೆ. ಎರೆ ಹೊಲದ ಹಾಗೆ ನೆಲ ಸಪಾಟು, ಗುಡ್ಡವಿಲ್ಲ. ಬಾದಾಮಿಯ ಕೆಂಪು ಬಂಡೆಗಳನ್ನು ಕಂಡ ಕಣ್ಣಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಳ್ಳುತ್ತವೆ. ಅದೊಂದು ನಮಗೆ ಪರಿಚಯದ್ದಾಗಿ ಕಂಡಿತು. ಕಾಫಿಯನ್ನು ನಿಂತೇ ಕುಡಿಯುತ್ತಾರೆ, ಒಂದೇ ಗುಟುಕಿಗೆ, ಔಷಧಿಯಂತೆ. ಊಟವಾದ ಮೇಲೆ ಹಾಲು ಹಾಕಿದ ಕಾಫಿ ಕೇಳಿದರೆ ಅಂಗಡಿಯವನು ನಮ್ಮ ಹೊಟ್ಟೆಯ ಕಡೆ ಕಳವಳದಿಂದ ನೋಡುತ್ತಾನೆ.

ಅವರ ಇನ್ನೊಂದು ಭಯ ಗಾಳಿಯದು. ಬಿಸಿಲಿದ್ದರೂ ಎಲ್ಲರ ಕೊರಳಿಗೂ ಒಂದು ಬಟ್ಟೆ. ಪಾವ್ಲಾಳ ತಾಯಿ ಎಲ್ವೀರಾ ಬಾಗಿಲಲ್ಲೇ ಅಕ್ಕನನ್ನು ತಡೆದು, ಬರಿಗೊರಳನ್ನು ನೋಡಿ ಗಾಬರಿಯಾಗಿ, ತನ್ನ ಉಣ್ಣೆಯ ಶಾಲನ್ನು ಬಿಚ್ಚಿ ಸುತ್ತಿಬಿಟ್ಟರು. ಗಂಟಲಿಗೆ ಗಾಳಿ ತಗಲಿದರೆ ಆಯಿತು, ಬದುಕು ಮುಗಿಯಿತು ಎಂದು ಕೈಯಲ್ಲಿ ಕೊಯ್ದುಕೊಂಡ ಹಾಗೆ ಮಾಡಿ ತೋರಿಸಿದರು. ಪಾವ್ಲಾ ಮುಖ ಬಿಳಿಚಿಕೊಂಡು, "ಅಮ್ಮಗ ನಾನು ಹೇಳಿಲ್ರಿ ಸರ್," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅಕ್ಕ ಮಾತ್ರ ಶಾಲನ್ನು ಸರಿಮಾಡಿಕೊಂಡು, "ಇಕಿ ಭಾಳ ಬೆರಕಿ ಅದಾಳ, ನನ್ನ ಹಂಗ," ಎಂದಳು. ಇಬ್ಬರಿಗೂ ಒಂದೇ ವಯಸ್ಸು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅಲ್ಲಿ ಇದ್ದಷ್ಟು ದಿನ ಇಬ್ಬರೂ ಎಡೆಬಿಡದೆ ಮಾತಾಡಿದರು.

ಎಲ್ವೀರಾ ಅವರ ಪಿಯಾನೊ

ಎಲ್ವೀರಾ ಊರಿನ ಒಪೆರಾ ಥಿಯೇಟರಿನಲ್ಲಿ ಮೇಳದ ಹಾಡುಗಾರ್ತಿಯಾಗಿದ್ದವರು. ಒಪೆರಾ ಎಂದರೆ ಏನೆಂದು ಪಾವ್ಲಾಳ ಬಾಯಿಂದ ನಮಗೆ ವಿವರಿಸಿದ್ದು ಅವರೇ. ಮಾತು ಕಡಿಮೆ, ಎಲ್ಲವನ್ನೂ ಹಾಡಿಯೇ ಹೇಳಬೇಕು. ಕಥೆ ಮುಂದೆ ಸಾಗಬೇಕಾದಾಗ ಮಾತಿನ ಹಾಗೆ ಓಡುವ ಹಾಡು, ಅದು ರೆಸಿಟಟಿವ್. ಕಥೆ ನಿಂತು ಒಬ್ಬರ ಮನಸ್ಸು ಮಾತ್ರ ಹಾಡಿದರೆ ಅದು ಆರಿಯಾ.

"ನಮ್ಮ ಕಂಪನ್ಯಾಗ ಆರಿಯಾಕ್ಕ ಮಂದಿ ರೊಕ್ಕ ಒಗೀತಿದ್ರು, ಅದೇನೋ ಅಂದಿಯಲ್ಲ, ಇನ್ನೊಂದಕ್ಕ ಬೀಡಿ ಸೇದಾಕ ಹೊರಗ ಹೋಗ್ತಿದ್ರು," ಎಂದಳು ಅಕ್ಕ.

ಆಮೇಲೆ ದನಿಗಳ ಲೆಕ್ಕ. ಹೆಣ್ಣುದನಿಯಲ್ಲಿ ಎಲ್ಲಕ್ಕಿಂತ ಮೇಲಿನದು ಸೊಪ್ರಾನೊ, ಅವಳೇ ನಾಯಕಿ. ನಡುವಿನದು ಮೆಝೊ. ಗಂಡಸರಲ್ಲಿ ಮೇಲಿನ ದನಿ ಟೆನರ್, ನಾಯಕ. ಅವನ ಕೆಳಗೆ ಬ್ಯಾರಿಟೋನ್, ಹೆಚ್ಚಾಗಿ ಖಳ ಅಥವಾ ಅಣ್ಣ. ತಳದಲ್ಲಿ ಬಾಸ್, ರಾಜನೋ ಗುರುವೋ ತಂದೆಯೋ ಆಗಿರುತ್ತಾನೆ. ತೆಳ್ಳನೆಯ ದನಿಯವರು ಪ್ರೀತಿ ಮಾಡುತ್ತಾರೆ, ದಪ್ಪ ದನಿಯವರು ಬೇಡ ಎನ್ನುತ್ತಾರೆ ಎಂದರು ಎಲ್ವೀರಾ.

"ನಮ್ಮಲ್ಲೂ ಹಂಗ," ಎಂದಳು ಅಕ್ಕ. "ದಪ್ಪ ದನಿ ಹೆಂಗಸು ಇದ್ರ ಏನ್ ಮಾಡ್ತೀರಿ ಕೇಳು."

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ಅಕ್ಕ ಕಂಪನಿ ಸೇರಿದ ದಿನವೇ ಹಾರ್ಮೋನಿಯಂ ಮಾಸ್ತರರು ಅವಳ ಶ್ರುತಿ ಹಿಡಿಯಲು ಹೋಗಿ ಸೋತರು. ನಮ್ಮ ಕಡೆ ಹಾಡುವವರ ಶ್ರುತಿಯನ್ನು ಪೇಟಿಯ ಮನೆಗಳಿಂದ ಗುರುತಿಸುತ್ತಾರೆ: ಕರಿ ಒಂದು, ಬಿಳಿ ನಾಲ್ಕು, ಹೀಗೆ. ಹೆಂಗಸರು ಸಾಮಾನ್ಯವಾಗಿ ಕರಿ ನಾಲ್ಕು, ಕರಿ ಐದರಲ್ಲಿ ಹಾಡುತ್ತಾರೆ. ಕರಿ ಒಂದು ಗಂಡಸರ ತಗ್ಗಿನ ಪಟ್ಟಿ. ಅಕ್ಕ ಹಾಡುತ್ತಿದ್ದದ್ದು ಕರಿ ಒಂದರಲ್ಲಿ. ಆದ್ದರಿಂದ ಅವಳಿಗೆ ನಾಯಕಿಯ ಪಾರ್ಟು ಒಮ್ಮೆಯೂ ಸಿಗಲಿಲ್ಲ. ರಾಜಕುಮಾರ, ಸನ್ಯಾಸಿ, ಗಯ್ಯಾಳಿ ಅತ್ತೆ, ಇವೇ. ಬನಶಂಕರಿ ಜಾತ್ರೆಯಲ್ಲಿ ತಂಬು ಹಾಕಿದಾಗ, ಗಂಡಸೊಬ್ಬನಿಗೆ ಸೀರೆ ಉಡಿಸಿ ಮೋಸ ಮಾಡುತ್ತಿದ್ದಾರೆ ಎಂದು ಯಾರೋ ಪಂತ ಕಟ್ಟಿ ಒಳಗೆ ನುಗ್ಗಿದ್ದರಂತೆ. ಅದನ್ನು ಅಕ್ಕ ನಗುತ್ತಲೇ ಹೇಳುತ್ತಿದ್ದಳು. ನಗುತ್ತಲೇ ಹೇಳಬೇಕೆಂದು ಅವಳು ಎಂದೋ ನಿರ್ಧರಿಸಿರಬೇಕು.

ಎಲ್ವೀರಾ ಪಿಯಾನೊದ ಮುಚ್ಚಳ ತೆಗೆದರು. ಅಕ್ಕ ಬಾಗಿ ಮನೆಗಳನ್ನು ನೋಡಿ, ಎರಡು ಕರಿ ಮನೆಗಳ ಜೋಡಿ ಹುಡುಕಿ, ಮೊದಲನೆಯದರ ಮೇಲೆ ಬೆರಳಿಟ್ಟಳು. "ಇದು ನನ್ನ ಸಾ."

ಹಾಡಿದಳು. ಮೇಲಿನ ಸ್ವರಗಳು ಹೋಗಿಬಿಟ್ಟಿದ್ದವು. ಗಾಳಿ ಮಾತ್ರ ಬರುತ್ತಿತ್ತು. ಎಲ್ವೀರಾ ಒಂದೊಂದೇ ಮನೆ ಕೆಳಗೆ ಇಳಿದರು, ಅಕ್ಕನೂ ಇಳಿದಳು. ಕೆಳಗೆ ಹೋದಂತೆ ಉಸುಕು ಕಡಿಮೆಯಾಯಿತು. ಕೋಣೆಯ ಗಾಜಿನ ಬೀರುವಿನಲ್ಲಿದ್ದ ಲೋಟವೊಂದು ಗುಂಯ್ ಎಂದದ್ದು ನನಗೆ ನೆನಪಿದೆ. ಅದು ಅನುರಣನ, ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದು. ಆದರೂ ಆ ಲೋಟ ನಿಜವಾಗಿ ದನಿಗೂಡಿಸಿತೇ, ಅಥವಾ ಪಾಠದ ಉದಾಹರಣೆಯನ್ನು ನಾನೇ ಆ ಬೀರುವಿನೊಳಗೆ ಇಟ್ಟೆನೇ, ಹೇಳಲಾರೆ.

ಎಲ್ವೀರಾ ಕೈ ಎತ್ತಿದರು. "ಕಾಂಟ್ರಾಲ್ಟೊ," ಎಂದರು.

ಹೆಣ್ಣುದನಿಗಳಲ್ಲಿ ಎಲ್ಲಕ್ಕಿಂತ ಕೆಳಗಿನದು, ಎಲ್ಲಕ್ಕಿಂತ ಅಪರೂಪದ್ದು ಎಂದು ಪಾವ್ಲಾ ವಿವರಿಸಿದಳು. ತನ್ನದೂ ಅದೇ ಎಂದು ಎಲ್ವೀರಾ ಎದೆ ತಟ್ಟಿಕೊಂಡರು. ಮುದುಕಿ, ಮಾಟಗಾತಿ, ಸೇವಕಿ, ಇಲ್ಲವೇ ಗಂಡುಡುಗೆ ತೊಟ್ಟ ಹುಡುಗ, ನಮಗೆ ಸಿಗುವುದು ಇಷ್ಟೇ ಎಂದು ಬೆರಳು ಮಡಚಿದರು.

"ಅಯ್ಯ, ಇಲ್ಲೂ ಹಂಗೇನು?" ಅಕ್ಕನಿಗೆ ತಡೆಯಲಾರದ ನಗು. "ಅಂದ್ರ ನನ್ನಂಥಾಕಿಗೆ ಇಲ್ಲಿ ಹೆಸರು ಬ್ಯಾರೆ ಐತಿ!"

ನನಗೆ ಸಮಾಧಾನವಾಗಲಿಲ್ಲ. ಕರೆಂಟು ಕೊಟ್ಟ ಗಂಟಲು ಯಾರದಾದರೂ ದಪ್ಪವಾಗುತ್ತದೆ. ಇವರು ಹೆಸರಿಟ್ಟದ್ದು ಅಕ್ಕನ ದನಿಗೋ ರೋಗಕ್ಕೋ ಎಂದು ಪಾವ್ಲಾಳನ್ನು ಇಂಗ್ಲಿಷಿನಲ್ಲಿ ಕೇಳಿದೆ. ಪಾವ್ಲಾ ಫೋನು ತೆಗೆದು, ಗಡ್ಡೆಗೂ ಮೊದಲಿನ ಆ ಮಳೆಗಾಲ ಇಳಕಲ್ಲದಲ್ಲಿ ತಾನು ಹಿಡಿದಿದ್ದ ವಿಡಿಯೊ ಹಾಕಿದಳು. ಅಕ್ಕ ಕಾಳು ಹಸನು ಮಾಡುತ್ತಾ ಹಾಡುತ್ತಿದ್ದಾಳೆ. ಪವರ್‌ಲೂಮಿನ ಸದ್ದೇ ಹೆಚ್ಚು. ಎಲ್ವೀರಾ ಕಿವಿಗೆ ಅಂಗೈ ಮಡಚಿ ಕೇಳಿ, ನನ್ನ ಕಡೆ ತಿರುಗಿ ಮತ್ತೆ ಅದೇ ಪದ ಹೇಳಿದರು. ಈ ಸಲ ಸ್ವಲ್ಪ ಸಿಟ್ಟಿನಿಂದ.

ಅಂದು ಸಂಜೆ ಪಾವ್ಲಾ ಅಕ್ಕನ ಕೈ ಹಿಡಿದು, "ಅಕ್ಕಾರ, ಆಪರೇಶನ್ ಮಾಡಿಸ್ಕೋರಿ," ಎಂದಳು. ಅಕ್ಕ ಅವಳ ತಲೆ ಸವರಿದಳು. "ಹೆಸರು ಸಿಕ್ಕಿದ್ದು ಇವತ್ತು. ಇವತ್ತ ಕೊಯ್ಸಿ ಒಗೀ ಅಂತೀಯಲ್ಲ ತಂಗಿ."

ಪಾವ್ಲಾ ಎದ್ದು ಒಳಗೆ ಹೋದಳು. ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ.

ರವಿವಾರ, ಒಪೆರಾ

ಮಧ್ಯಾಹ್ನದ ಪ್ರಯೋಗಕ್ಕೆ ಎಲ್ವೀರಾ ನಮ್ಮನ್ನು ಕರೆದೊಯ್ದರು. ಪಾವ್ಲಾಳಿಗೆ ರವಿವಾರ ಸಂಗ್ರಹಾಲಯದ ಪಾಳಿ ಇತ್ತು, ಬರಲಾಗಲಿಲ್ಲ. ಅಂದರೆ ನಾವು ಮೂವರೇ, ಎಲ್ವೀರಾಗೂ ನಮಗೂ ನಡುವೆ ಒಂದೂ ಸಮಾನ ಭಾಷೆ ಇಲ್ಲ.

ಥಿಯೇಟರು ಒಳಗೆ ಲಾಳದ ಆಕಾರದಲ್ಲಿದೆ. ಸುತ್ತಲೂ ಗೋಡೆಯಲ್ಲಿ ಪಾರಿವಾಳದ ಗೂಡಿನಂತೆ ಸಣ್ಣ ಸಣ್ಣ ಕೋಣೆಗಳು. ನಮ್ಮದು ಮೇಲಿನ ಸಾಲಿನಲ್ಲಿತ್ತು. ಮುಂದೆ ಎರಡು ಕುರ್ಚಿ, ಅಲ್ಲಿ ಎಲ್ವೀರಾ ಮತ್ತು ಅಕ್ಕ. ಹಿಂದೆ ಒಂದು ಎತ್ತರದ ಪೀಠ, ಅದರ ಹಿಂದೆ ಗೂಟಗಳಿಗೆ ಕೋಟು. ಪೀಠದ ಮೇಲಿನಿಂದ ನನಗೆ ಕಂಡದ್ದು ರಂಗದ ಎಡ ಅಂಚು, ಅಲ್ಲಿ ಬಣ್ಣ ಬಳಿದ ಒಂದು ಅಲೆ. ಮೊದಲ ಬಾರಿ ಒಪೆರಾಕ್ಕೆ ಹೋದವನು ಅದನ್ನು ನೋಡಿದೆ ಎನ್ನುವ ಹಾಗಿಲ್ಲ, ಕೇಳಿದೆ. ಎಲ್ವೀರಾ ದೀಪ ಆರುವ ಮೊದಲೇ ಕೆಮ್ಮಿನ ಪೆಪ್ಪರಮಿಂಟುಗಳ ಕಾಗದವನ್ನೆಲ್ಲ ಬಿಚ್ಚಿ ಕರವಸ್ತ್ರದ ಮೇಲೆ ಸಾಲಾಗಿ ಇಟ್ಟರು. ಆಟದ ನಡುವೆ ಕಾಗದ ಸರಪರ ಎನ್ನಬಾರದು. ಸುತ್ತಲಿನ ಗೂಡುಗಳಲ್ಲೂ ಅದೇ ನಡೆದಿತ್ತು. ನಮ್ಮ ಕಡೆ ನಾಟಕದ ನಡುವೆ ಶೇಂಗಾ ಒಡೆಯುವ ಸದ್ದು ಬಾರದಿದ್ದರೆ ನಟರಿಗೆ ದಿಗಿಲಾಗುತ್ತದೆ.

"ಮೈಕ್ ಎಲ್ಲಿ ಕಟ್ಯಾರೋ?" ಎಂದಳು ಅಕ್ಕ ಹಿಂದೆ ತಿರುಗಿ.

"ಇಲ್ಲ. ಬರೇ ಗಂಟಲ."

ಅವಳು ಮುಂದೆ ತಿರುಗಿ ಕುರ್ಚಿಯ ಅಂಚಿಗೆ ಸರಿದು ಕುಳಿತಳು.

ಕಥೆಯನ್ನು ಪಾವ್ಲಾ ಮೊದಲೇ ಹೇಳಿದ್ದಳು. ಮೀನುಗಾರರ ಹುಡುಗಿಯೊಬ್ಬಳು ಕಡಲಿಗೆ ಹೋದವನಿಗಾಗಿ ಕಾಯುತ್ತಾಳೆ. ಅವನು ಸತ್ತ ಸುದ್ದಿ ಮನೆಯ ಮುದಿ ಸೇವಕಿಗೆ ಮಾತ್ರ ಬಂದಿದೆ. ಅವಳು ಹೇಳುವುದಿಲ್ಲ. ಹುಡುಗಿಯ ತಲೆ ಬಾಚುತ್ತಾ, ಬೆಳಗಾದ ಮೇಲೆ ದೋಣಿ ಬರುತ್ತದೆ ಎಂದು ಹಾಡುತ್ತಾಳೆ. ಅಲ್ಲಿಗೆ ಅಂಕ ಮುಗಿದು ಪರದೆ ಬೀಳುತ್ತದೆ. ಆ ಸೇವಕಿಯ ದನಿ ಕಾಂಟ್ರಾಲ್ಟೊ.

ಅದಕ್ಕೆ ಮೊದಲು ಸೊಪ್ರಾನೊ ಹಾಡಿದ್ದಳು, ಟೆನರ್ ಹಾಡಿದ್ದ. ಜನ ಚಪ್ಪಾಳೆ ತಟ್ಟಿದ್ದರು. ನನಗೆ ಬೆರಗಾಗಿತ್ತು, ಅಷ್ಟೇ. ಸೇವಕಿ ಬಾಯಿ ತೆರೆದಾಗ ನನ್ನ ಬೆನ್ನು ನೆಟ್ಟಗಾಯಿತು. ಆ ದನಿ ಕೆಳಗಿನಿಂದ ಬಂತು, ನೆಲದೊಳಗಿನ ಕಾಳಿನ ಹಗೇವಿನಿಂದ ಬಂದ ಹಾಗೆ. ಅಕ್ಕ ಇಪ್ಪತ್ತೈದರ ವಯಸ್ಸಿನಲ್ಲಿ, ಇಳಕಲ್ಲದ ತಂಬುವಿನಲ್ಲಿ, ಸನ್ಯಾಸಿಯ ವೇಷದಲ್ಲಿ ಹಾಡುತ್ತಿದ್ದ ದನಿ. ನಾನು ಆಗ ಮುಂದಿನ ಚಾಪೆಯ ಮೇಲೆ ಕೂರುತ್ತಿದ್ದೆ. ಹಾಡು ಮುಗಿದ ಕೂಡಲೆ ನಾವೆಲ್ಲ ಏನು ಮಾಡುತ್ತಿದ್ದೆವು ಎಂದು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಒನ್ಸ್ ಮೋರ್ ಎಂದು ಕೂಗುತ್ತಿದ್ದೆವು. ಕೂಗಿದರೆ ಹಾಡಲೇಬೇಕು. ಕತ್ತಿಯಿಂದ ಇರಿಸಿಕೊಂಡು ಸತ್ತು ಬಿದ್ದ ರಾಜನೂ ಎದ್ದು, ಕಿರೀಟ ಸರಿಮಾಡಿಕೊಂಡು, ಇನ್ನೊಮ್ಮೆ ಹಾಡಿ, ಮತ್ತೆ ಬಿದ್ದು ಸಾಯುತ್ತಿದ್ದ. ಜ್ವರವಿರಲಿ, ಹೊಟ್ಟೆಯಲ್ಲಿ ಕೂಳಿಲ್ಲದಿರಲಿ, ಒನ್ಸ್ ಮೋರಿಗೆ ಒಲ್ಲೆ ಅಂದವಳಲ್ಲ ನಾನು ಎಂಬುದು ಅಕ್ಕನ ಒಂದೇ ಜಂಬ.

ಸೇವಕಿಯ ಹಾಡು ಮುಗಿಯಿತು. ವಾದ್ಯಗಳ ಕೊನೆಯ ಎಳೆ ಇನ್ನೂ ಇಳಿಯುತ್ತಿತ್ತು.

"ಒನ್ಸ್ ಮೋರ್!"

ಕೂಗಿದ್ದು ನಾನು. ದೇವರಾಣೆಗೂ ಕೂಗಬೇಕೆಂದು ಕೂಗಲಿಲ್ಲ. ಸಭೆಯಲ್ಲಿ ಚಪ್ಪಾಳೆ ತಟ್ಟಲೂ ಹಿಂದೆಮುಂದೆ ನೋಡುವವನು ನಾನು. ಕೆಳಗಿನ ಸಾಲುಗಳಲ್ಲಿ ತಲೆಗಳು ಮೇಲಕ್ಕೆ ತಿರುಗಿದವು. ಯಾರೋ ನಕ್ಕರು, ಯಾರೋ ಶ್ ಎಂದರು, ಆಮೇಲೆ ಚಪ್ಪಾಳೆಯ ಮಳೆ ಸುರಿಯಿತು. ನಾನು ನಾಚಿಕೆಯಿಂದ ಪೀಠ ಬಿಟ್ಟು ಹಿಂದೆ ಸರಿದು ಕೋಟುಗಳ ಸಂದಿಯಲ್ಲಿ ಮುಖ ಮುಚ್ಚಿಕೊಂಡೆ.

ಚಪ್ಪಾಳೆ ತಗ್ಗಿತು. ಆಗ ಆ ಹಾಡು ಎರಡನೆಯ ಸಲ ಕೇಳಿಸಿತು.

ನೆನಪಿನ ಈ ಭಾಗವನ್ನು ನಾನು ಹಲವು ಸಲ ತಿರುವಿ ಹಾಕಿದ್ದೇನೆ. ವಾದ್ಯಗಳಿರಲಿಲ್ಲ. ಮೊದಲಿಗಿಂತ ನಿಧಾನವಾಗಿತ್ತು. ಶಬ್ದಗಳಿರಲಿಲ್ಲ, ಬರೀ ಆ ಆ ಎನ್ನುವ ಆಕಾರ. ಪೂರ್ತಿ ಹಾಡಲ್ಲ, ದೋಣಿ ಬರುತ್ತದೆ ಎಂಬಲ್ಲಿ ಇಳಿಯುವ ಆ ಕೊನೆಯ ಸಾಲುಗಳಷ್ಟೇ. ಅದರಲ್ಲಿ ಉಸುಕಿರಲಿಲ್ಲ. ನಮ್ಮ ಕೂಗಿಗೆ ಇವರೂ ಬೆಲೆ ಕೊಟ್ಟರಲ್ಲ ಎಂದು ಕೋಟುಗಳ ನಡುವೆ ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಹೊರಬಂದಾಗ ದೀಪ ಹತ್ತಿತ್ತು. ಎಲ್ವೀರಾ ಅವರ ಕೈ ಅಕ್ಕನ ಬೆನ್ನ ಮೇಲಿತ್ತು. ಪಕ್ಕದ ಗೂಡಿನವರು ಎದ್ದು ನಿಂತು, ಹೊರಗೆ ಹೋಗದೆ, ನಮ್ಮ ಕಡೆಯೇ ನೋಡುತ್ತಿದ್ದರು. ಕೂಗಿದವನನ್ನು ನೋಡುತ್ತಿದ್ದಾರೆ ಎಂದುಕೊಂಡು ನಾನು ತಲೆ ತಗ್ಗಿಸಿದೆ.

ಚೌಕದ ಕಾಫಿ ಅಂಗಡಿ

ಆಟ ಮುಗಿದ ಮೇಲೆ ಎಲ್ವೀರಾ ಪರಿಚಯದವರೊಡನೆ ಮಾತಿಗೆ ನಿಂತರು. ನಾನೂ ಅಕ್ಕನೂ ಚೌಕದ ಅಂಗಡಿಯಲ್ಲಿ ಊರವರ ಹಾಗೆ ನಿಂತೇ ಕಾಫಿ ಕುಡಿದೆವು. ಅಕ್ಕನ ದನಿ ಪೂರ್ತಿ ಹೋಗಿತ್ತು, ಬರೇ ಪಿಸುಮಾತು. ಗಾಳಿ ತಗಲಿರಬೇಕು ಎಂದುಕೊಂಡೆ. ಹತ್ತು ದಿನ ಆ ಊರಲ್ಲಿದ್ದು ನಾನೂ ಅವರಂತಾಗಿದ್ದೆ.

"ತಮ್ಮಾ, ಊರಿಗೆ ಹೋದಕೂಡ್ಲೆ ಡಾಕ್ಟರಿಗೆ ಹೇಳು. ತಗೀಲಿ."

ನಾನು ಕಪ್ಪು ಕೆಳಗಿಟ್ಟೆ. "ನಿನ್ನೆತನಾ ಒಲ್ಲೆ ಅಂತಿದ್ದಿ."

"ಇವತ್ತ ಹೂಂ ಅಂತೇನಿ. ಅದಕ್ಕೂ ಕಾರಣ ಬೇಕೇನು ನಿನಗ? ಮಾಸ್ತರ ಇದ್ದಿ ನೋಡು."

ಕಾಫಿಯ ತಳದ ಸಕ್ಕರೆಯನ್ನು ಚಮಚದಿಂದ ಕೆರೆದು ತಿಂದಳು. ಆಮೇಲೆ, ನನ್ನ ಕಡೆ ನೋಡದೆ ಕೇಳಿದಳು: "ಆ ಹಾಡು ಹೆಂಗಿತ್ತು?"

"ಮೊದಲನೇದು ಛಲೋ ಇತ್ತು," ಎಂದೆ. "ಎರಡನೇ ಸಲದ್ದು ಅದಕ್ಕಿಂತ ಭಾಳ ಛಲೋ ಇತ್ತು."

ಅಕ್ಕ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಏನೋ ಹೇಳುತ್ತಾಳೆ ಎಂದುಕೊಂಡೆ.

"ಹೌದಾ? ಹಂಗಾರ ಆತ ಬಿಡು," ಎಂದಳು.

ಇಳಕಲ್ಲ

ಆಪರೇಶನ್ ಆಯಿತು. ಅಕ್ಕ ಮನೆಗೆ ಬಂದಳು. ಕುತ್ತಿಗೆಯ ತೂತಿನ ಮೇಲೆ ಸೆರಗು ಹೊದ್ದು, ಕೈಸನ್ನೆಯಲ್ಲೇ ಮನೆ ನಡೆಸಿದಳು. ನನ್ನನ್ನು ಕರೆಯಲು ಎರಡು ಸಲ ಚಪ್ಪಾಳೆ, ಕೆಳಗಿನವರನ್ನು ಕರೆಯಲು ಒಂದು. ಬೈಯಬೇಕಾದಾಗ ತಟ್ಟೆಯನ್ನು ನೆಲಕ್ಕೆ ಕುಕ್ಕುತ್ತಿದ್ದಳು, ಬೈಗುಳದಲ್ಲಿ ಏನೂ ಕಡಿಮೆಯಾದ ಹಾಗೆ ಅನ್ನಿಸುತ್ತಿರಲಿಲ್ಲ. ರೇಡಿಯೊದಲ್ಲಿ ಹಾಡು ಬಂದರೆ ಮಾತ್ರ ಎದ್ದು ಮಾಳಿಗೆಗೆ ಹೋಗುತ್ತಿದ್ದಳು. ಎರಡನೆಯ ಬೇಸಿಗೆಗೆ ರೋಗ ಪುಪ್ಪುಸಕ್ಕೆ ಇಳಿಯಿತು. ಶ್ರಾವಣ ಬರುವುದರೊಳಗೆ ಹೋದಳು. ಅವಳು ಹೂಂ ಅಂದದ್ದರಿಂದ ಸಿಕ್ಕ ಕಾಲ ಅಷ್ಟು. ಅಷ್ಟಕ್ಕೆ ಅಷ್ಟು ಕೊಡಬೇಕಾಗಿತ್ತೇ ಎಂದು ಅವಳನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ.

ಸುದ್ದಿ ತಿಳಿದು ಪಾವ್ಲಾ ಫೋನು ಮಾಡಿದಳು. ಅತ್ತಳು. ಹಿಂದಿನಿಂದ ಎಲ್ವೀರಾ ಅವರ ದನಿ ಕೇಳುತ್ತಿತ್ತು.

"ಅಮ್ಮ ಏನ್ ಅಂತಾಳ?" ಎಂದೆ.

"ಆ ದಿನದ್ದು ನೆನಸ್ತಾಳ್ರಿ ಸರ್. ಪರದಿ ಬಿದ್ದ ಮ್ಯಾಲ ಅಕ್ಕಾರ ಹಾಡಿದ್ದು. ಮಂದಿ ಹೊರಗ ಹೋಗೂದು ಬಿಟ್ಟು ನಿಂತಿದ್ರಂತ. ಎರಡನೇ ಸಲದ್ದ ಛಲೋ ಇತ್ತು ಅಂತಾಳ."

"ಅಕ್ಕ ಹಾಡಿದ್ದಾ? ಅಲ್ಲ, ಎರಡನೇ ಸಲಾನೂ ಆ ಸೇವಕಿ ಪಾರ್ಟಿನಾಕೀನ ಹಾಡಿದ್ಲು."

ಪಾವ್ಲಾ ಮೆಲ್ಲಗೆ ಕೇಳಿದಳು: "ಸರ್, ನೀವು ಹಿಂದೇ ಇದ್ರಿ. ನಿಮಗ ಗೊತ್ತಾಗಲಿಲ್ಲೇನು?"

ನಾನು ನಂಬಲಿಲ್ಲ. ಎಲ್ವೀರಾಗೆ ವಯಸ್ಸಾಗಿದೆ. ಸತ್ತವರ ಬಗ್ಗೆ ಎಲ್ಲರೂ ಸಿಹಿಯನ್ನೇ ಸೇರಿಸುತ್ತಾರೆ. ಮೂರು ಕಡೆ ಮರದ ಗೋಡೆಯಿರುವ ಗೂಡಿನಲ್ಲಿ ದನಿ ಯಾವ ದಿಕ್ಕಿನಿಂದ ಬಂತೆಂದು ಹೇಳುವುದು ಕಷ್ಟ, ಇದನ್ನು ನಾನೇ ಕಲಿಸಿದ್ದೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ದನಿಯಲ್ಲಿ ಉಸುಕಿರಲಿಲ್ಲ. ಕೆಳಗಿನ ಸ್ವರಗಳಿಗೆ ಇಳಿದಾಗ ಅಕ್ಕನ ದನಿಯಲ್ಲೂ ಉಸುಕು ಕಡಿಮೆಯಾಗುತ್ತಿತ್ತು ಎಂಬುದು ರಾತ್ರಿ ನೆನಪಾಯಿತು. ಅದನ್ನೂ ನಂಬಲಿಲ್ಲ. ಬೇಕಾದಾಗ ಒದಗುವ ನೆನಪು ಅದು.

ಬೆಳಗ್ಗೆ ಪಾವ್ಲಾಳಿಗೆ ಫೋನು ಮಾಡಿ, ಆ ದಿನ ಸೇವಕಿಯ ಪಾತ್ರ ಮಾಡಿದ ಹಾಡುಗಾರ್ತಿಯನ್ನೇ ಕೇಳಬೇಕೆಂದೆ. ಒನ್ಸ್ ಮೋರ್ ಎಂದು ಕೂಗಿದವನು ನಾನೇ, ಕ್ಷಮೆ ಇರಲಿ ಎಂದೂ ಹೇಳಲು ತಿಳಿಸಿದೆ. ಆ ಹಾಡುಗಾರ್ತಿ ಮುಂದಿನ ಸಲ ಆ ಊರಿಗೆ ಬಂದಾಗ ಪಾವ್ಲಾ ಹೋಗಿ ಕಂಡಳು. ಅವರಿಗೆ ಕೂಗು ನೆನಪಿತ್ತು, ಯಾವ ಭಾಷೆಯೆಂದು ತಿಳಿದಿರಲಿಲ್ಲ. ಪರದೆ ಬಿದ್ದ ಕೂಡಲೇ ಅವರು ಮುಂದಿನ ಅಂಕದ ಉಡುಪು ತೊಡಲು ಒಳಗೆ ಹೋದರು. ರಂಗದ ಹಿಂದೆ ಪರದೆ ಎಳೆಯುವ ಮನುಷ್ಯನನ್ನೂ ಪಾವ್ಲಾ ಕೇಳಿದಳು, ಅವನೂ ಅದನ್ನೇ ಹೇಳಿದ. ಆ ಹಾಡನ್ನು ಅವರು ಅಂದು ಒಂದೇ ಸಲ ಹಾಡಿದ್ದರು.